ಆರು ತಿಂಗಳಿಗೆ ಬಂದವಳು

ಆಸ್ಟಿನ್,
ಶನಿವಾರ, ಮೇ 17, 2025

ಶುಗರ್ ಲ್ಯಾಂಡಿನ ನಮ್ಮ ಡಾಕ್ಟರ್ ಬದರೀನಾಥರಿಗೆ, ನೀರಜಾಳ ನಮಸ್ಕಾರ.

ನಾನಿಲ್ಲಿ ಚೆನ್ನಾಗಿದ್ದೇನೆ. ನೀವೂ ಚೆನ್ನಾಗಿದ್ದೀರೆಂದು ಹೋದ ವಾರ ಕಳಿಸಿದ ಗ್ಯಾರೇಜ್ ಬಾಗಿಲಿನ ಫೋಟೋದಿಂದ ತಿಳಿಯಿತು. ಬಾಗಿಲು ರಿಪೇರಿಯಾಗಿದೆ. ಅದರ ಮೇಲೆ ನಿಮ್ಮ ನೆರಳು ಬಿದ್ದಿದೆ, ನೆರಳು ನೆಟ್ಟಗೆ ನಿಂತಿದೆ. ನಾಲ್ಕು ತಿಂಗಳಲ್ಲಿ ನಿಮ್ಮನ್ನು ನಾನು ಕಂಡದ್ದು ಅಷ್ಟೇ.

ಮೂರು ಗಂಟೆ ದಾರಿಯ ಊರಿನಿಂದ ಹೆಂಡತಿ ಕಾಗದ ಬರೆದಿದ್ದಾಳಲ್ಲ ಎಂದು ಗಾಬರಿಯಾಗಬೇಡಿ. ಫೋನ್ ಮಾಡಿದರೆ ನೀವು ಹೂಂ ಎನ್ನುತ್ತೀರಿ, ಮೆಸೇಜ್ ಹಾಕಿದರೆ ಹೆಬ್ಬೆರಳಿನ ಚಿತ್ರ ಕಳಿಸುತ್ತೀರಿ. ಅಂಚೆಯಲ್ಲಿ ಬಂದದ್ದನ್ನು ಮಾತ್ರ ಊಟದ ಮೇಜಿನ ಮೇಲಿಟ್ಟು, ಚಾಕುವಿನಿಂದ ನೀಟಾಗಿ ಕೊಯ್ದು, ಹಾಸಿಗೆ ಅಂಗಡಿಯ ಜಾಹೀರಾತನ್ನೂ ಬಿಡದೆ ಕೊನೆಯ ಸಾಲಿನವರೆಗೆ ಓದುತ್ತೀರಿ. ಅದಕ್ಕೇ ಸ್ಟಾಂಪ್ ಹಚ್ಚಿ ಕಳಿಸುತ್ತಿದ್ದೇನೆ. ಮಂಗಳವಾರ ನಿಮ್ಮ ಕೈ ಸೇರಬಹುದು.

ಮೊದಲು ಕೆಲಸದ ಮಾತು. ನಮ್ಮ ಕೋಣೆಯ ಕ್ಲಾಸೆಟ್ಟಿನ ಮೇಲಿನ ಹಲಗೆಯಲ್ಲಿ ಬೂದು ಬಣ್ಣದ ಕಬ್ಬಿಣದ ಪೆಟ್ಟಿಗೆ ಇದೆಯಲ್ಲ, ನನ್ನ ಪಾಸ್‌ಪೋರ್ಟ್ ಅದರಲ್ಲಿದೆ. ಅದು ನನಗೆ ಬರುವ ಗುರುವಾರದೊಳಗೆ ಬೇಕು. ಫೋಟೋ ತೆಗೆದು ಕಳಿಸಿದರೆ ನಡೆಯುವುದಿಲ್ಲ, ಜೆರಾಕ್ಸ್ ನಡೆಯುವುದಿಲ್ಲ, ಮೂಲವನ್ನೇ ಎದುರಿಗಿಟ್ಟು ತೋರಿಸಬೇಕು. ಕೊರಿಯರ್‌ಗೆ ಕೊಡಬೇಡಿ. ನೀವೇ ತೆಗೆದುಕೊಂಡು ಬನ್ನಿ. ಯಾಕೆಂದು ಹೇಳುತ್ತೇನೆ, ಸ್ವಲ್ಪ ಉದ್ದದ ಕಥೆ. ಹೆಡ್‌ಫೋನ್ ತೆಗೆದಿಟ್ಟು ಓದಿ.

ನಾನು ಕೆಲಸಕ್ಕೆ ಸೇರುತ್ತಿದ್ದೇನೆ. ನಾಡಿದ್ದು ಸೋಮವಾರದಿಂದ. ಏಳು ತಿಂಗಳ ಮಗುವೊಂದನ್ನು ಹಗಲು ಹೊತ್ತು ನೋಡಿಕೊಳ್ಳುವ ಕೆಲಸ. ಅರವತ್ತಾರನೇ ವಯಸ್ಸಿಗೆ ನಿಮ್ಮ ಹೆಂಡತಿ ನ್ಯಾನಿಯಾಗುತ್ತಿದ್ದಾಳೆ. ಕೂತಲ್ಲಿಂದ ಎದ್ದು ಒಂದು ಸುತ್ತು ಓಡಾಡಿ ಬಂದು ಆಮೇಲೆ ಮುಂದೆ ಓದಿದರೂ ನನಗೇನೂ ಬೇಸರವಿಲ್ಲ.

ಇದಕ್ಕೆ ಮೊದಲು ಒಂದನ್ನು ಒಪ್ಪಿಕೊಂಡುಬಿಡಬೇಕು. ಸಂಕ್ರಾಂತಿಯಾದ ಮೇಲೆ ಇಲ್ಲಿಗೆ ಹೊರಟಾಗ ಧ್ರುವನ ಗಿಡಗಳಿಗೆ ನೀರು ಹಾಕಬೇಕು ಎಂದಿದ್ದೆ. ಮಗ ಕಂಪನಿ ಕೆಲಸದ ಮೇಲೆ ಒಂದು ವರ್ಷ ಸಿಂಗಾಪುರಕ್ಕೆ ಹೋಗಿದ್ದಾನೆ, ಅಪಾರ್ಟ್‌ಮೆಂಟ್ ಖಾಲಿ ಬಿದ್ದಿದೆ, ಗಿಡಗಳೆಲ್ಲ ಒಣಗಿಹೋಗುತ್ತವೆ ಎಂದೆ. ನೀವು ಸರಿ ಎಂದಿರಿ. ಈ ಮನೆಯಲ್ಲಿರುವುದು ಒಂದೇ ಗಿಡ. ಟಿವಿ ಪಕ್ಕದಲ್ಲಿದೆ, ಪ್ಲಾಸ್ಟಿಕ್ಕಿನದು. ವಾರಕ್ಕೊಮ್ಮೆ ಒದ್ದೆ ಬಟ್ಟೆಯಲ್ಲಿ ಅದರ ಧೂಳು ಒರೆಸುತ್ತೇನೆ. ಗಿಡಗಳು ಹೇಗಿವೆ ಎಂದು ನೀವು ಒಂದೇ ಒಂದು ಸಲ ಕೇಳಿದ್ದರೂ ಅವತ್ತೇ ನಿಜ ಹೇಳಿಬಿಡುತ್ತಿದ್ದೆ.

ಹೊರಟದ್ದು ಯಾಕೆಂದು ನಿಮಗೆ ಗೊತ್ತಿದೆಯೋ ಇಲ್ಲವೋ, ನನಗೆ ತಿಳಿಯದು. ಹಬ್ಬದ ದಿನ ಎಂದಿನ ಹಾಗೆ ಹದಿನಾರು ಪೊಟ್ಟಣ ಎಳ್ಳು ಬೆಲ್ಲ ಕಟ್ಟಿದ್ದೆ. ಕೊಡೋಣವೆಂದರೆ ಮನೆಗಳಿಲ್ಲ. ಕೆಲವರು ಮಕ್ಕಳ ಊರಿಗೆ ಶಿಫ್ಟ್ ಆಗಿದ್ದಾರೆ, ಕೆಲವರು ಇಲ್ಲವೇ ಇಲ್ಲ. ಊಟಕ್ಕೆ ಕೂತಾಗ ಅದನ್ನೇ ಹೇಳತೊಡಗಿದೆ. ಈ ದೊಡ್ಡ ಮನೆಯಲ್ಲಿ ನನಗೆ ಹಾಡು ಹಗಲಿನಲ್ಲೇ ಹೆದರಿಕೆಯಾಗುತ್ತದೆ, ನನ್ನ ಬಳೆಯ ಸದ್ದಿಗೆ ಯಾರೋ ಬಂದರೆಂದು ನಾನೇ ತಿರುಗಿ ನೋಡುತ್ತೇನೆ, ನಾವಿಬ್ಬರೂ ಮಾತಾಡಿ ಎಷ್ಟು ದಿನವಾಯಿತು ಎಂದೆಲ್ಲ ಹೇಳಿದೆ. ಸಾರಿನಿಂದ ಮಜ್ಜಿಗೆಯವರೆಗೆ ಹೇಳಿದೆ. ಇಷ್ಟು ವರ್ಷದಲ್ಲಿ ಅಷ್ಟು ಮಾತನ್ನು ಒಟ್ಟಿಗೆ ಆಡಿದ್ದು ಅದೇ ಮೊದಲು. ಮಜ್ಜಿಗೆ ಹಾಕುವಾಗ ನೀವು ತಲೆಯೆತ್ತಿ, ಒಂದು ಕಿವಿಯ ಹೆಡ್‌ಫೋನ್ ಸರಿಸಿ, 'ಏನಾದ್ರೂ ಅಂದ್ಯಾ?' ಎಂದು ಕೇಳಿದಿರಿ. ಅದು ತಲೆಯ ಮೇಲಿದ್ದದ್ದು ನನಗೆ ಕಾಣುತ್ತಿತ್ತು, ಆಫ್ ಮಾಡಿರುತ್ತೀರಿ ಎಂದುಕೊಂಡಿದ್ದೆ. ಇಲ್ಲ, ಏನೂ ಇಲ್ಲ ಎಂದೆ. ಮಾರನೆಯ ದಿನ ಬ್ಯಾಗ್ ತುಂಬಿಕೊಂಡೆ.

ಈಗ ಇಲ್ಲಿಯ ಸುದ್ದಿ. ಈ ಕಾಂಪ್ಲೆಕ್ಸಿನಲ್ಲಿ ಅರ್ಧಕ್ಕರ್ಧ ನಮ್ಮ ದೇಶದವರೇ. ಸಂಜೆ ಐದೂವರೆಯಾಯಿತೆಂದರೆ ಅಂಚೆ ಡಬ್ಬಿಗಳ ಪಕ್ಕದ ಬೆಂಚುಗಳಲ್ಲಿ ಅಮ್ಮಂದಿರು ಬಂದು ಕೂರುತ್ತಾರೆ. ಮಗಳ ಬಾಣಂತನಕ್ಕೋ ಮೊಮ್ಮಗುವನ್ನು ನೋಡಿಕೊಳ್ಳಲೋ ಆರು ತಿಂಗಳ ವಿಸಿಟರ್ ವೀಸಾದಲ್ಲಿ ಬಂದವರು. ಸೀರೆಯ ಮೇಲೆ ಮಗನ ಸ್ವೆಟರ್, ಕಾಲಿಗೆ ಸೊಸೆಯ ಹಳೆಯ ಶೂಸ್. ಬಂದ ಹತ್ತು ದಿನ ನಾನು ಅವರನ್ನು ಮೇಲಿನ ಕಿಟಕಿಯಿಂದ ನೋಡುತ್ತಿದ್ದೆ. ಹನ್ನೊಂದನೆಯ ದಿನ ಸೀರೆ ಉಟ್ಟುಕೊಂಡು ಕೆಳಗಿಳಿದೆ.

ಲಲಿತಮ್ಮ ಎನ್ನುವವರು ಸರಿದು ಜಾಗ ಕೊಟ್ಟರು. ಧಾರವಾಡದವರು, ಮಗ ಸಂಗಮೇಶನ ಮನೆಗೆ ಬಂದಿದ್ದಾರೆ. ಕೂತ ಕೂಡಲೇ 'ಯಾವಾಗ ಬಂದ್ರಿ? ವಾಪಸ್ ಹೋಗೂದು ಯಾವಾಗ್ರಿ?' ಎಂದು ಕೇಳಿದರು. ಆ ಬೆಂಚಿನಲ್ಲಿ ಹೆಸರಿಗಿಂತ ಮೊದಲು ಕೇಳುವುದು ಇದನ್ನೇ. ನಲವತ್ತೊಂದು ವರ್ಷವಾಯಿತು, ವಾಪಸ್ಸಿಲ್ಲ ಎಂದಿದ್ದರೆ ಅವರು ಮರ್ಯಾದೆಗೆ ಎದ್ದು ನಿಲ್ಲುತ್ತಿದ್ದರೇನೋ. ಜನವರಿಯಲ್ಲಿ ಬಂದೆ, ಜೂನ್ ಕೊನೆಗೆ ವಾಪಸ್ಸು ಎಂದುಬಿಟ್ಟೆ. ಜನವರಿಯಲ್ಲಿ ಬಂದದ್ದು ನಿಜವೇ ತಾನೆ, ಶುಗರ್ ಲ್ಯಾಂಡಿನಿಂದ.

ಆ ಒಂದು ಮಾತಿಗೆ ನನಗೆ ಏನೇನು ಸಿಕ್ಕಿತು ಗೊತ್ತೇ. ಯಾರ ಸೊಸೆ ಒಗ್ಗರಣೆಗೆ ಸಾಸಿವೆ ಹಾಕುವುದಿಲ್ಲ, ಯಾರ ಮೊಮ್ಮಗ ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾನೆ, ಯಾರಿಗೆ ಯಾವ ಗುಳಿಗೆ ಮುಗಿಯುತ್ತಾ ಬಂದಿದೆ, ಎಲ್ಲ ಸಿಕ್ಕಿತು. ರಸ್ತೆ ದಾಟುವಾಗ ಕಂಬದ ಗುಂಡಿ ಒತ್ತಬೇಕೆಂದು ಲಲಿತಮ್ಮ ನನಗೆ ಕೈಹಿಡಿದು ಕಲಿಸಿದರು. ಹ್ಯೂಸ್ಟನ್ನಿನ ಫ್ರೀವೇಯಲ್ಲಿ ಮೂವತ್ತೈದು ವರ್ಷ ಡ್ರೈವ್ ಮಾಡಿದವಳು ನಾನು, ಮೂರು ಸಲ ಒತ್ತಿ ಕಲಿತೆ. ನನ್ನ ಕಾರನ್ನು ಹಿಂದಿನ ಬ್ಲಾಕಿನ ಮರೆಯಲ್ಲಿ ನಿಲ್ಲಿಸಿದೆ. ಇಂಗ್ಲಿಷಿನಲ್ಲಿ ಯಾರಾದರೂ ಮಾತಾಡಿಸಿದರೆ ನಕ್ಕು ಸುಮ್ಮನಾಗುತ್ತಿದ್ದೆ.

ಅವರದೊಂದು ಪದ್ಧತಿಯಿದೆ. ಒಬ್ಬರ ಆರು ತಿಂಗಳು ಮುಗಿಯಿತೆಂದರೆ ಬೆಂಚಿನಲ್ಲೇ ಕೂರಿಸಿ, ಅರಿಶಿನ ಕುಂಕುಮ ಕೊಟ್ಟು, ಒಂದು ರವಿಕೆ ಕಣ ಮತ್ತು ಒಂದು ಚೀಲ ಬಾದಾಮಿ ಉಡಿಗೆ ಹಾಕಿ ಕಳಿಸುತ್ತಾರೆ. ಮಾರ್ಚ್‌ನಲ್ಲಿ ಇಬ್ಬರು, ಏಪ್ರಿಲ್‌ನಲ್ಲಿ ಮೂವರು ಹೋದರು. ಈ ತಿಂಗಳು ಲಲಿತಮ್ಮ ನನ್ನ ಟಿಕೆಟ್ಟಿನ ವಿಚಾರ ಶುರುಮಾಡಿದ್ದರು. ದುಬೈ ಮೇಲೋ ಫ್ರಾಂಕ್‌ಫರ್ಟ್ ಮೇಲೋ, ಕಿಟಕಿಯ ಸೀಟು ಮಾತ್ರ ಬೇಡ, ರಾತ್ರಿ ಕಾಲು ಚಾಚಲು ಆಗುವುದಿಲ್ಲ ಎನ್ನುತ್ತಿದ್ದರು. ದುಬೈ ಮೇಲೆ ಎಂದು ಹೇಳಿದೆ. ನನಗಾಗಿ ಹಸಿರು ಕಣ ಆಗಲೇ ತೆಗೆದಿಟ್ಟಿದ್ದರಂತೆ.

ಆ ಬೆಂಚಿಗೇ ತನುಶ್ರೀ ಬರುತ್ತಿದ್ದಳು. ಮೈಸೂರಿನ ಹುಡುಗಿ, ಇಲ್ಲಿ ಚಿಪ್ ಕಂಪನಿಯಲ್ಲಿ ಇಂಜಿನಿಯರ್. ಗಂಡ ಸೂರಜ್‌ಗೆ ಡಲ್ಲಾಸಿನಲ್ಲಿ ಕೆಲಸ, ಸೋಮವಾರ ಹೋದರೆ ಶುಕ್ರವಾರ ಬರುತ್ತಾನೆ. ತಾಯಿ ಇಲ್ಲದವಳು. ಮಗು ರಿಯಾಳನ್ನು ಎದೆಗೆ ಕಟ್ಟಿಕೊಂಡು ಅಂಚೆ ಡಬ್ಬಿಯಿಂದ ಈಜುಕೊಳದವರೆಗೆ, ಈಜುಕೊಳದಿಂದ ಅಂಚೆ ಡಬ್ಬಿಯವರೆಗೆ ನಡೆಯುತ್ತಿರುತ್ತಿದ್ದಳು. ಮಗು ಅಳುತ್ತಿರುತ್ತಿತ್ತು. ಒಂದು ಸಂಜೆ ಕೊಡಮ್ಮ ಇಲ್ಲಿ ಎಂದು ಇಸಿದುಕೊಂಡು ಕಾಲು ಚಾಚಿ ಅದರ ಮೇಲೆ ಮಲಗಿಸಿಕೊಂಡೆ. ರಿಯಾ ನನ್ನ ಬಳೆ ಹಿಡಿದು ಒಂದೊಂದನ್ನೇ ಮೇಲೆ ಕೆಳಗೆ ಮಾಡುತ್ತಾ ನಿದ್ದೆ ಹೋದಳು. ಆ ಸದ್ದಿಗೆ ನನಗೆ ತಿರುಗಿ ನೋಡಬೇಕೆನಿಸಲಿಲ್ಲ. ಆಮೇಲೆ ದಿನವೂ ಅದೇ ಆಯಿತು. ನಾಲ್ಕೂವರೆಗೇ ನಾನು ತಯಾರಾಗಿ ಕೂರುತ್ತಿದ್ದೆ.

ಇದರ ಮಧ್ಯೆ ತನುಶ್ರೀಯ ರಜೆ ಮುಗಿಯುತ್ತಾ ಬಂತು. ಡೇಕೇರ್‌ನಲ್ಲಿ ಅಕ್ಟೋಬರ್‌ವರೆಗೆ ಜಾಗವಿಲ್ಲ. ಇವರನ್ನೇ ಕೇಳಬಾರದೇಕೆ ಎಂದು ಲಲಿತಮ್ಮ ನನ್ನನ್ನು ತೋರಿಸಿದರು. ತನುಶ್ರೀ ನನ್ನ ಪಕ್ಕ ಕೂತು, 'ನೀವು ವಿಸಿಟರ್ ಅಲ್ದೇ ಇದ್ದಿದ್ರೆ ಕಣ್ಮುಚ್ಕೊಂಡು ನಿಮ್ಮನ್ನೇ ಇಟ್ಕೋತಿದ್ದೆ ಆಂಟಿ' ಎಂದಳು. ಮನೆಗೆ ನ್ಯಾನಿ ಇಟ್ಟುಕೊಂಡರೂ ಅವರಿಗೆ ಈ ದೇಶದಲ್ಲಿ ಕೆಲಸ ಮಾಡುವ ಹಕ್ಕಿದೆಯೇ ಎಂದು ಕಾಗದ ನೋಡಿ ಫಾರಂ ತುಂಬಬೇಕಂತೆ. ತನುಶ್ರೀ ಮತ್ತು ಸೂರಜ್‌ರದೇ ಗ್ರೀನ್ ಕಾರ್ಡಿನ ಅರ್ಜಿ ಇನ್ನೂ ನಡೆಯುತ್ತಿದೆ. ಎಲ್ಲಾದರೂ ತಪ್ಪಾದರೆ ಎಂಬ ಭಯ ಆ ಹುಡುಗಿಗೆ.

ಬೆಂಚಿನವರು ಸುಮ್ಮನಿರುತ್ತಾರೆಯೇ. ಸಂಬಳ ಎಂದು ಕೊಡಬೇಡ, ಹಬ್ಬಕ್ಕೊಂದು ಸೀರೆ ಕೊಡು, ಆಂಟಿ ಪ್ರೀತಿಯಿಂದ ನೋಡಿಕೊಂಡರು ಎನ್ನು, ಯಾರು ಕೇಳುತ್ತಾರೆ ಎಂದರು ಒಬ್ಬರು. ಸೀರೆ ಕೊಟ್ಟರೂ ಅದು ಸಂಬಳವೇ ಆಗುತ್ತದೆ ಎಂದಳು ತನುಶ್ರೀ. ನಾಳೆ ಏರ್‌ಪೋರ್ಟಿನಲ್ಲಿ ಯಾರಾದರೂ ಕೇಳಿ, ಆಂಟಿ ಮುಗ್ಧವಾಗಿ ಹೇಳಿಬಿಟ್ಟು, ಅವರ ವೀಸಾ ರದ್ದಾದರೆ ಸ್ವಂತ ಮಗನ ಮನೆಗೇ ಬರಲಾಗುವುದಿಲ್ಲ, ಆ ಪಾಪ ನನಗೆ ಬೇಡ ಎಂದಳು. ನನ್ನ ಒಳ್ಳೆಯದಕ್ಕಾಗಿ ನನಗೆ ಕೆಲಸ ಕೊಡದಿದ್ದ ಹುಡುಗಿಯ ಮುಂದೆ ನಾನು ಬಾಯಿ ಮುಚ್ಚಿಕೊಂಡು ಕೂತಿದ್ದೆ. ನಿಜ ಹೇಳಿದರೆ ರಿಯಾ ಸಿಗುತ್ತಾಳೆ, ಬೆಂಚು ಹೋಗುತ್ತದೆ. ಹೇಳದಿದ್ದರೆ ಜೂನ್ ಕೊನೆಗೆ ಎರಡೂ ಹೋಗುತ್ತವೆ.

ಮಾರನೆಯ ಸಂಜೆ ಮಗುವಿಗೆ ಕೈ ಚಾಚಿದೆ. ತನುಶ್ರೀ ಕೊಡಲಿಲ್ಲ. ಅಭ್ಯಾಸವಾಗಿಬಿಟ್ಟರೆ ನೀವು ಹೋದಮೇಲೆ ಇವಳಿಗೆ ಕಷ್ಟ ಆಂಟಿ ಎಂದು ಮೆಲ್ಲಗೆ ಹೇಳಿದಳು. ಯಾವುದೋ ಏಜೆನ್ಸಿಯಿಂದ ಒಬ್ಬಳು ಶುಕ್ರವಾರ ಬಂದು ನೋಡುತ್ತಾಳೆ ಎಂದಳು. ರಿಯಾ ಹೆಗಲ ಮೇಲಿಂದ ನನ್ನ ಬಳೆಯ ಕಡೆಗೇ ನೋಡುತ್ತಾ ಹೋದಳು. ನನಗೆ ಅಳು ಬಂತು. ಊರಿನ ನೆನಪಾಯಿತೇನೋ ಎಂದು ಲಲಿತಮ್ಮ ಬೆನ್ನು ಸವರಿದರು.

ಆ ವಾರ ನನಗೆ ಡೆಲ್ಫೀನಾಳ ನೆನಪು ಬಿಡದೆ ಬಂತು. ನಿಮಗೆ ಅವಳ ಮುಖವಾದರೂ ನೆನಪಿದೆಯೇ. ಧ್ರುವನಿಗೆ ಒಂದು ವರ್ಷವಾಗಿದ್ದಾಗ, ನಾನು ಲೈಬ್ರರಿ ಕೆಲಸಕ್ಕೆಂದು ಓದಲು ಹೋಗುತ್ತಿದ್ದಾಗ, ಅವನನ್ನು ನೋಡಿಕೊಂಡವಳು ಅವಳು, ಎಲ್ ಸಾಲ್ವಡಾರ್‌ನಿಂದ ಬಂದ ಹೆಂಗಸು. ನಿಮ್ಮನ್ನು ಅರಿವಳಿಕೆ ವಿಭಾಗದ ಮುಖ್ಯಸ್ಥರನ್ನಾಗಿ ಮಾಡುವ ಸುದ್ದಿಯಿತ್ತು. ಹೊಸ ಕಾನೂನು ಬಂದಿದೆ, ನಮ್ಮ ಮನೆಯಲ್ಲಿ ಎಲ್ಲ ಸರಿಯಾಗಿರಬೇಕು ಎಂದು ನೀವು ಎಂಟು ತಿಂಗಳ ಮೇಲೆ ಒಂದು ಬೆಳಿಗ್ಗೆ ಅವಳ ಕಾಗದ ಕೇಳಿದಿರಿ. ಅವಳ ಬಳಿ ಇರಲಿಲ್ಲ. ಮಗುವಿಗೆ ಗಂಜಿ ತಿನ್ನಿಸುತ್ತಿದ್ದವಳು ಬಟ್ಟಲನ್ನು ನನ್ನ ಕೈಗೆ ಕೊಟ್ಟು ಹೋದಳು. ಧ್ರುವ ಎಷ್ಟೋ ದಿನ ಹಿಂಬಾಗಿಲ ಕಡೆಗೆ ಪುಟ್ಟ ಹೆಜ್ಜೆ ಇಟ್ಟು ಹೋಗಿ ಕೂರುತ್ತಿದ್ದ. ನಾನು ಓದು ಬಿಟ್ಟೆ. ನೀವು ಮುಖ್ಯಸ್ಥರಾದಿರಿ.

ನೀವು ಮಾಡಿದ್ದು ತಪ್ಪೆಂದು ಹೇಳಲು ಇದನ್ನು ಬರೆಯುತ್ತಿಲ್ಲ. ತಪ್ಪು ನನ್ನದು. ಕಾಗದ ಇಲ್ಲವೆಂದು ಡೆಲ್ಫೀನಾ ನನಗೆ ಮೊದಲ ದಿನವೇ ಹೇಳಿದ್ದಳು. ನನಗೆ ಕ್ಲಾಸಿಗೆ ಹೋಗಬೇಕಿತ್ತು, ಮುಚ್ಚಿಟ್ಟೆ. ಅವತ್ತು ಬೆಳಿಗ್ಗೆ ನಿಮ್ಮ ಮುಂದೆ ನನಗೂ ಈಗಲೇ ಗೊತ್ತಾಯಿತೆಂಬಂತೆ ಅವಳನ್ನು ನೋಡಿದೆ. ಅವಳು ನನ್ನ ಹೆಸರು ಹೇಳಲಿಲ್ಲ. ಮೂವತ್ತಾರು ವರ್ಷ ಈ ಮಾತನ್ನು ನಿಮಗೆ ಹೇಳಿರಲಿಲ್ಲ. ಹಕ್ಕಿಲ್ಲದವಳು ಅಷ್ಟು ಚೆನ್ನಾಗಿ ಮಗು ಸಾಕಿದಳು, ಹಕ್ಕಿದ್ದ ನಾನು ಅದನ್ನು ಬಚ್ಚಿಟ್ಟುಕೊಂಡು ಬೆಂಚಿನ ಮೇಲೆ ಕೂತಿದ್ದೆ. ನಾಚಿಕೆಯಾಯಿತು.

ಬುಧವಾರ ಮಧ್ಯಾಹ್ನ ತನುಶ್ರೀಯ ಬಾಗಿಲು ತಟ್ಟಿದೆ. ನಾನು ವಿಸಿಟರ್ ಅಲ್ಲ ಕಣಮ್ಮ, ಈ ದೇಶದ ಪ್ರಜೆ, ಮೂವತ್ತು ವರ್ಷದ ಮೇಲಾಯಿತು ಎಂದೆ. ಅವಳು ನಂಬಲಿಲ್ಲ. ನನ್ನ ಕೈ ಹಿಡಿದುಕೊಂಡು, 'ನಮಗೋಸ್ಕರ ಸುಳ್ಳು ಹೇಳ್ಬೇಡಿ ಆಂಟಿ, ನಿಮಗೇ ತೊಂದ್ರೆ ಆಗತ್ತೆ' ಎಂದಳು. ನಾಲ್ಕು ತಿಂಗಳು ಸುಳ್ಳನ್ನು ನಂಬಿದ ಹುಡುಗಿ ನಿಜವನ್ನು ನಂಬಲು ಒಪ್ಪಲಿಲ್ಲ. ಆಗ ಪ್ರಮಾಣವಚನದ ದಿನದ ಕಥೆ ಹೇಳಿದೆ. ಹ್ಯೂಸ್ಟನ್ನಿನ ಆ ದೊಡ್ಡ ಹಾಲ್, ಕೈಯಲ್ಲಿ ಕಾಗದದ ಬಾವುಟ, ಹೊರಗೆ ಬಂದಾಗ ನೀವು ಆಸ್ಪತ್ರೆಯವರಿಗೆ ಮಾಡುವ ಹಾಗೆ ನನ್ನ ಕೈ ಕುಲುಕಿ ಕಂಗ್ರಾಜುಲೇಷನ್ಸ್ ಎಂದದ್ದು. ಗಂಡ ಹೆಂಡತಿಯ ಕೈ ಕುಲುಕಿದ್ದನ್ನು ಯಾರೂ ಕಟ್ಟಿ ಹೇಳಲಾರರು ಎನಿಸಿತೋ ಏನೋ, ಅಲ್ಲಿಗೆ ನಂಬಿದಳು.

ಹಾಗಾದರೆ ಬೆಂಚಿನಲ್ಲಿ ಯಾಕೆ ಹಾಗೆ ಹೇಳಿದಿರಿ ಎಂದು ಕೇಳಿದಳು. ಅವರ ಜೊತೆ ಕೂರಬೇಕಿತ್ತಮ್ಮ ಎಂದೆ. ಅವಳು ಮಗುವಿನ ಬಾಟಲಿ ತೊಳೆದಿಟ್ಟಳು. ಆಮೇಲೆ ಪ್ರಿಂಟರಿನಿಂದ ಫಾರಂ ತೆಗೆದುಕೊಂಡು ಬಂದಳು. ಕೊಡುವ ಮೊದಲು ಬಗ್ಗಿ ನನ್ನ ಕಾಲಿಗೆ ನಮಸ್ಕಾರ ಮಾಡಿದಳು. 'ದೊಡ್ಡವರ ಹತ್ರ ಪೇಪರ್ ಕೇಳ್ತಿದೀನಿ, ನಂಬಿಕೆ ಇಲ್ಲ ಅಂತಲ್ಲ' ಎಂದಳು. ಮೊದಲು ನಮಸ್ಕಾರ, ಆಮೇಲೆ ತಪಾಸಣೆ. ನಮ್ಮ ಹುಡುಗಿಯರಲ್ಲದೆ ಬೇರೆ ಯಾರಿಗೂ ಇದು ಹೊಳೆಯುವುದಿಲ್ಲ. ನನ್ನ ಕಾಗದ ಕೇಳಿದವರಲ್ಲಿ ಅಷ್ಟು ಚೆನ್ನಾಗಿ ಯಾರೂ ಕೇಳಿರಲಿಲ್ಲ.

ಯಾವ ಕಾಗದ ತೋರಿಸಬೇಕೆಂದು ಹೇಳುವ ಹಾಗಿಲ್ಲವಂತೆ ಅವಳು. ಒಂದು ಪಟ್ಟಿಯಿದೆ, ಅದರಲ್ಲಿ ನಾನೇ ಆರಿಸಬೇಕು. ಪಟ್ಟಿಯನ್ನು ಹಿಡಿದುಕೊಂಡು ಬಹಳ ಹೊತ್ತು ಕೂತೆ. ನೀನೇ ಆರಿಸು ಎಂದು ಈ ದೇಶದಲ್ಲಿ ನನಗೆ ಯಾರು ಹೇಳಿದ್ದರು, ನೆನಪಾಗಲಿಲ್ಲ. ಮನೆ ನೀವು ಆರಿಸಿದಿರಿ, ಊರನ್ನು ಆಸ್ಪತ್ರೆ ಆರಿಸಿತು. ಡ್ರೈವಿಂಗ್ ಲೈಸೆನ್ಸ್ ಜೊತೆಗೆ ಸೋಷಿಯಲ್ ಸೆಕ್ಯೂರಿಟಿ ಕಾರ್ಡ್ ತೋರಿಸಬಹುದಿತ್ತು, ಆ ಕಾರ್ಡೂ ಪೆಟ್ಟಿಗೆಯಲ್ಲೇ ಇದೆ. ಪಾಸ್‌ಪೋರ್ಟ್ ಆದರೆ ಅದೊಂದೇ ಸಾಕು. ಕೆಲಸ ಶುರುವಾದ ಮೂರು ದಿನದೊಳಗೆ ತೋರಿಸಬೇಕು. ಗುರುವಾರ ಎಂದದ್ದು ಅದಕ್ಕೆ.

ಫಾರಮ್ಮಿನ ಮೊದಲ ಭಾಗವನ್ನು ನಾನೇ ತುಂಬಬೇಕು. ಹೆಸರು, ಮೊದಲಿದ್ದ ಹೆಸರು, ಹುಟ್ಟಿದ ದಿನ, ವಿಳಾಸ.

ಮೂರನ್ನು ಬರೆದೆ. ಪ್ರಜೆ ಎನ್ನುವಲ್ಲಿ ಗುರುತು ಹಾಕಿದೆ. ವಿಳಾಸದ ಹತ್ತಿರ ನಿಂತುಬಿಟ್ಟೆ. ಸುಳ್ಳು ಬರೆದರೆ ಶಿಕ್ಷೆಯೆಂದು ಕೆಳಗೆ ಅಚ್ಚಾಗಿದೆ. ಬೆಂಚಿನಲ್ಲಾದರೆ ಏನೋ ಹೇಳಿಬಿಡುತ್ತಿದ್ದೆ. ಇದಕ್ಕೆ ಸಹಿ ಹಾಕಬೇಕು. ಧ್ರುವನ ಈ ಖಾಲಿ ಮನೆಯೋ, ನೀವಿರುವ ಆ ಮನೆಯೋ ಎಂದು ನನಗೇ ಗೊತ್ತಿಲ್ಲದ್ದನ್ನು ನಿಜವೆಂದು ಹೇಗೆ ಬರೆಯಲಿ. ಫಾರಂ ಮೇಜಿನ ಮೇಲೆ ಪ್ಲಾಸ್ಟಿಕ್ ಗಿಡದ ಕುಂಡದ ಕೆಳಗಿದೆ.

ಬೆಂಚಿನ ವಿಷಯ ನಾನು ಅಂದುಕೊಂಡ ಹಾಗೆಯೇ ಆಯಿತು. ಮೊನ್ನೆ ಗುರುವಾರ ನಾನೇ ಎಲ್ಲರಿಗೂ ಹೇಳಿದೆ. ಯಾರೂ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಮೊದಲಿನ ಹಾಗೆ ಒತ್ತಿಕೊಂಡು ಕೂರದೆ ಅಗಲವಾಗಿ ಜಾಗ ಬಿಟ್ಟರು. ಒಬ್ಬರು ಮೇಡಂ ಎಂದರು. ಇನ್ನೊಬ್ಬರು ಡಾಕ್ಟರ್ ಹೆಂಡತಿಯಂತೆ ಎಂದು ಪಕ್ಕದವರಿಗೆ ಪಿಸುಗುಟ್ಟಿ, ಆಮೇಲೆ ತಮ್ಮ ಅಣ್ಣನ ಮಗನ ವೀಸಾಗೆ ಪತ್ರ ಕೊಡಿಸಬಹುದೇ ಎಂದು ನನ್ನನ್ನು ಕೇಳಿದರು. ಸಾಸಿವೆಯ ಮಾತು, ಗುಳಿಗೆಯ ಮಾತು ಒಂದೂ ಬರಲಿಲ್ಲ. ಲಲಿತಮ್ಮನವರಿಗೆ ರಸ್ತೆ ದಾಟುವ ಗುಂಡಿಯ ನೆನಪಾಗಿರಬೇಕು, ನನ್ನ ಕಡೆ ನೋಡಲೂ ಇಲ್ಲ.

ನಿನ್ನೆ ಸಂಜೆ ನಾನು ಕೆಳಗಿಳಿಯಲಿಲ್ಲ. ಲಲಿತಮ್ಮನವರೇ ಮೇಲೆ ಬಂದರು, ಕೈಯಲ್ಲಿ ಹಸಿರು ಕಣ ಮತ್ತು ಬಾದಾಮಿ ಚೀಲ. ನಾನು ಹೋಗುವವಳಲ್ಲವಲ್ಲ, ಇದು ಯಾಕೆ ಎಂದೆ. 'ತಂದಿಟ್ಟೇನ್ರಿ, ತಗೋರಿ. ನೀವೂ ಎಲ್ಲಿಗೋ ಹೋಗೋರ ಇದ್ದೀರಿ' ಎಂದು ಹಣೆಗೆ ಕುಂಕುಮ ಇಟ್ಟರು. ಒಳಗೆ ಬರಲಿಲ್ಲ. ಮೆಟ್ಟಿಲಿಳಿಯುವಾಗ ನಮ್ಮ ಕೂಡ ಸುಳ್ಳು ಹೇಳಬಾರದಿತ್ತು ಎಂದಷ್ಟೇ ಹೇಳಿದರು. ಈ ತಿಂಗಳ ಮೂವತ್ತಕ್ಕೆ ಅವರದೂ ಆರು ತಿಂಗಳು ಮುಗಿಯುತ್ತದೆ. ಅವರಿಗೆ ಉಡಿ ತುಂಬಲು ನನ್ನನ್ನು ಕರೆಯುತ್ತಾರೋ ಇಲ್ಲವೋ.

ಅದಕ್ಕೇ ನೀವು ಬನ್ನಿ ಎನ್ನುತ್ತಿರುವುದು. ಬರುವ ಬುಧವಾರ ಬೆಳಿಗ್ಗೆ ಎಂಟಕ್ಕೆ ಹೊರಟರೆ ಹನ್ನೊಂದಕ್ಕೆ ಇಲ್ಲಿರುತ್ತೀರಿ. ಆ ಹೊತ್ತಿಗೆ ನಾನು ತನುಶ್ರೀಯ ಮನೆಯಲ್ಲಿ, ಎರಡನೆಯ ಬ್ಲಾಕ್, ನೆಲಮಹಡಿಯಲ್ಲಿರುತ್ತೇನೆ. ರಿಯಾ ಅಪರಿಚಿತರನ್ನು ಕಂಡರೆ ಮೊದಲು ಅಳುತ್ತಾಳೆ, ಹೆದರಬೇಡಿ. ಜೀವನವೆಲ್ಲ ಜನರನ್ನು ಮಲಗಿಸಿ ಎಬ್ಬಿಸಿದವರು ನೀವು, ಒಂದು ಕೂಸನ್ನು ಮಲಗಿಸಲು ನಿಮ್ಮ ಕೈಲಿ ಆಗುತ್ತದೆಯೋ ನೋಡೋಣ. ಹೆಡ್‌ಫೋನ್ ಮಾತ್ರ ಅಲ್ಲೇ ಬಿಟ್ಟು ಬನ್ನಿ.

ಸಾರಿನ ಪುಡಿ ಮುಗಿದಿರಬೇಕು. ಮಾಡಿಟ್ಟಿದ್ದೇನೆ, ಹೋಗುವಾಗ ಕೊಡುತ್ತೇನೆ. ಕಣ್ಣಿಗೆ ಡ್ರಾಪ್ಸ್ ಮರೆಯಬೇಡಿ.

ಇತಿ,
ನೀವು ಏನಾದರೂ ಅಂದೆಯಾ ಎಂದು ಕೇಳಿದಾಗ ಇಲ್ಲವೆಂದ,
ನೀರಜಾ

ವಿ.ಸೂ.: ಮೇಲೆ ಬರೆದದ್ದರಲ್ಲಿ ಒಂದು ಸುಳ್ಳಿದೆ. ನನಗೆ ನಿಮ್ಮ ಸ್ವಭಾವ ಗೊತ್ತು, ಮೊದಲ ಪುಟ ಓದುತ್ತಲೇ ಎದ್ದು ಹೋಗಿ ಪೆಟ್ಟಿಗೆ ತೆಗೆದಿರುತ್ತೀರಿ, ಪಾಸ್‌ಪೋರ್ಟ್ ಅಲ್ಲಿಲ್ಲವೆಂದು ಸಿಟ್ಟು ಬಂದಿರುತ್ತದೆ. ಅದು ನನ್ನ ಹತ್ತಿರವೇ ಇದೆ, ಜನವರಿಯಿಂದ. ಆಸ್ಟಿನ್‌ಗೆ ಬರುವವಳಿಗೆ ಪಾಸ್‌ಪೋರ್ಟ್ ಯಾಕೆಂದು ಕೇಳುತ್ತೀರಿ. ಇಲ್ಲಿಂದ ನನ್ನ ತವರು ಮೈಸೂರಿಗೆ ಹೊರಟುಬಿಡಬೇಕೆಂದಿದ್ದೆ. ವಾಪಸ್ ಯಾವಾಗ ಎಂದು ಯೋಚಿಸಿರಲಿಲ್ಲ. ಲಲಿತಮ್ಮ ಕೇಳುವವರೆಗೆ ನನ್ನನ್ನು ಯಾರೂ ಅದನ್ನು ಕೇಳಿರಲೂ ಇಲ್ಲ. ತನುಶ್ರೀಗೆ ಶುಕ್ರವಾರವೇ ಪಾಸ್‌ಪೋರ್ಟ್ ತೋರಿಸಿದ್ದೇನೆ, ಅವಳು ನೋಡಿ ಫಾರಮ್ಮಿನ ತನ್ನ ಭಾಗಕ್ಕೆ ಸಹಿ ಮಾಡಿದ್ದಾಳೆ, ಏಜೆನ್ಸಿಯವಳಿಗೆ ಬೇಡವೆಂದು ಹೇಳಿದ್ದಾಳೆ. ನೀವು ತರಬೇಕಾದದ್ದು ಏನೂ ಇಲ್ಲ. ಕೆಲಸವಿಲ್ಲದೆ ನೀವು ಮನೆ ಬಿಟ್ಟು ಹೊರಡುವವರಲ್ಲವೆಂದು ಒಂದು ಕೆಲಸ ಕೊಟ್ಟೆ. ಫಾರಂ ಈಗ ಕುಂಡದ ಕೆಳಗಿಲ್ಲ. ಈ ಕಾಗದ ಮುಗಿಸಿ, ವಿಳಾಸದ ಜಾಗದಲ್ಲಿ ನಮ್ಮ ಶುಗರ್ ಲ್ಯಾಂಡಿನ ಮನೆಯದ್ದನ್ನೇ ಬರೆದು ಸಹಿ ಹಾಕಿದ್ದೇನೆ. ಅದು ಸುಳ್ಳಾಗದಂತೆ ನೋಡಿಕೊಳ್ಳುವುದು ನನ್ನೊಬ್ಬಳಿಂದ ಆಗುವುದಿಲ್ಲ.